ಕಾರ್ಡ್‌ಲೆಸ್ ಟೂಲ್: ಬ್ರಾಂಡ್ ಹೋಲಿಸುವುದು ಹೇಗೆ?

ಕಾರ್ಡ್‌ಲೆಸ್ ಡ್ರಿಲ್ ಕೊಳ್ಳಲು ಬಂದವರನ್ನು ಸ್ವಲ್ಪ ಹೊತ್ತು ಗಮನಿಸಿ. ಕೈಗೆತ್ತಿಕೊಳ್ಳುತ್ತಾರೆ, ಟ್ರಿಗರ್ ಒತ್ತಿ ಎರಡು ಸಲ ಗಿರ್ರೆನಿಸುತ್ತಾರೆ, ಡಬ್ಬದ ಮೇಲೆ ದೊಡ್ಡ ಸಂಖ್ಯೆ ಯಾವುದಕ್ಕಿದೆಯೋ ಅದಕ್ಕೆ ಬಿಲ್ ಹಾಕಿಸುತ್ತಾರೆ. ಆಮೇಲೆ ಎಂದೋ ಗ್ರೈಂಡರ್ ಬೇಕೆನಿಸಿದಾಗ, ಆ ಬ್ಯಾಟರಿಗೆ ಹೊಂದುವ ಗ್ರೈಂಡರನ್ನು ಆ ಕಂಪನಿ ತಯಾರಿಸುವುದೇ ಇಲ್ಲ ಎಂದು ಗೊತ್ತಾಗುತ್ತದೆ. ಹೊರೆಯಿಲ್ಲದೆ ತಿರುಗಿಸಿದರೆ ಯಾವ ಡ್ರಿಲ್ಲಾದರೂ ಚೆನ್ನಾಗಿಯೇ ತಿರುಗುತ್ತದೆ. ಹೋಲಿಕೆ ಶುರುವಾಗಬೇಕಾದದ್ದು ಹಿಡಿಯ ಬುಡದಲ್ಲಿರುವ ಬ್ಯಾಟರಿಯಿಂದ.

1. ಚೀಟಿ ಬರೆಯಿರಿ

ಮುಂದಿನ ಕೆಲವು ವರ್ಷಗಳಲ್ಲಿ ಯಾವ್ಯಾವ ಟೂಲ್ ಬೇಕಾಗಬಹುದು ಎಂದು ಬರೆದುಕೊಳ್ಳಿ. ಸ್ಕ್ರೂ ಬಿಗಿಯುವುದು, ಮರಕ್ಕೆ ಸಣ್ಣ ತೂತು ಹಾಕುವುದು ಇಷ್ಟೇ ಆದರೆ 12 ವೋಲ್ಟ್ ಧಾರಾಳ. ಕಾಂಕ್ರೀಟು, ಕಬ್ಬಿಣ, ದಪ್ಪ ಹಲಗೆ ಎಂದರೆ 18.

2. ಬ್ಯಾಟರಿ ಓದಿ, ಎಲ್ಲರೂ ಎಡವುವುದು ಇಲ್ಲೇ

ಮೊದಲು ವೋಲ್ಟ್. ಒಂದು ಡಬ್ಬದ ಮೇಲೆ 18 ವೋಲ್ಟ್, ಪಕ್ಕದ್ದರ ಮೇಲೆ 20 ವೋಲ್ಟ್ ಮ್ಯಾಕ್ಸ್ ಎಂದಿದ್ದರೆ ಎರಡನೆಯದು ಬಲಶಾಲಿ ಅಂತೇನೂ ಅಲ್ಲ. ಎರಡರೊಳಗೂ ಸರಣಿಯಲ್ಲಿ ಜೋಡಿಸಿದ ಐದು ಲಿಥಿಯಂ ಅಯಾನ್ ಸೆಲ್‌ಗಳೇ ಇರುವುದು. ಕೆಲಸ ಮಾಡುವಾಗ ಒಂದು ಸೆಲ್ ಸರಾಸರಿ 3.6 ವೋಲ್ಟ್ ಕೊಡುತ್ತದೆ, ಐದಕ್ಕೆ 18. ಆಗತಾನೇ ಚಾರ್ಜರ್‌ನಿಂದ ತೆಗೆದಾಗ ಒಂದೊಂದರಲ್ಲೂ ಸುಮಾರು 4 ವೋಲ್ಟ್, ಐದಕ್ಕೆ 20. ಡಿವಾಲ್ಟ್ ಒಂದೇ ಬಗೆಯ ಬ್ಯಾಟರಿಯನ್ನು ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಎಂದೂ ಯುರೋಪಿನಲ್ಲಿ 18 ವೋಲ್ಟ್ ಎಂದೂ ಮಾರುತ್ತದೆ. ‘ಮ್ಯಾಕ್ಸ್’ ಎಂಬ ಪದ ಕಂಡಕೂಡಲೇ ಸಂಖ್ಯೆಯ ಹತ್ತನೇ ಒಂದು ಪಾಲು ಕಳೆದುಬಿಡಿ: 12 ಮ್ಯಾಕ್ಸ್ ಎಂದರೆ 10.8, ಮಕಿಟಾದ 40 ಮ್ಯಾಕ್ಸ್ ಎಂದರೆ 36.

ಇನ್ನು ಆಂಪಿಯರ್ ಅವರ್. ಇದನ್ನು ವೋಲ್ಟ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಬರುತ್ತದೆ; ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬಿದೆ ಎಂಬ ನಿಜವಾದ ಲೆಕ್ಕ ಅದು. 18 ವೋಲ್ಟ್, 2 ಆಂಪಿಯರ್ ಅವರ್ ಆದರೆ 36. 5 ಆದರೆ 90. ಮ್ಯಾಕ್ಸ್ ಲೆಕ್ಕದವರು ಇದೇ 90ನ್ನು 100 ಎಂದು ಬರೆದಿರುತ್ತಾರೆ, ಹುಷಾರು.

ದೊಡ್ಡ ಬ್ಯಾಟರಿ ಹಾಕಿದರೆ ಹೆಚ್ಚು ಹೊತ್ತು ಓಡುತ್ತದೆ ಎಂದಷ್ಟೇ ತಿಳಿದವರು ಬಹಳ. ಅದು ಡ್ರಿಲ್‌ನ ಜೋರನ್ನೂ ಹೆಚ್ಚಿಸುತ್ತದೆ. 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಐದೇ ಸೆಲ್. 5ರದ್ದರಲ್ಲಿ ಹೆಚ್ಚಾಗಿ ಹತ್ತು, ಎರಡೆರಡು ಜೋಡಿಯಾಗಿ. ತೂತು ಕೊರೆಯುವ ದಪ್ಪ ಬಿಟ್ ಮರದೊಳಗೆ ಸಿಕ್ಕಿಕೊಂಡಾಗ ಮೋಟರ್ ಒಮ್ಮೆಲೇ ಎಳೆಯುವ ಕರೆಂಟನ್ನು ಜೋಡಿ ಸೆಲ್‌ಗಳು ಹಂಚಿಕೊಳ್ಳುತ್ತವೆ, ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ. ಹಾಗಾಗಿ ಒಂದು ಬ್ರಾಂಡಿಗೆ 2ರ ಬ್ಯಾಟರಿ, ಇನ್ನೊಂದಕ್ಕೆ 5ರದ್ದು ಸಿಕ್ಕಿಸಿ ‘ಇದು ಸೋತಿತು, ಅದು ಗೆದ್ದಿತು’ ಎನ್ನುವ ವಿಡಿಯೊಗಳನ್ನು ಅಲ್ಲಿಗೇ ನಿಲ್ಲಿಸಿ. ಅಲ್ಲಿ ನಡೆದದ್ದು ಬ್ಯಾಟರಿಗಳ ಸ್ಪರ್ಧೆ.

ಬೇರೆಯವರು ತಯಾರಿಸುವ ಅಗ್ಗದ ‘ಹೊಂದುವ ಬ್ಯಾಟರಿ’ಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್‌ಗೆ 18650 ಎಂದು ಹೆಸರು. ಒಳ್ಳೆಯ 18650 ಸೆಲ್ ಹಿಡಿಯುವುದೇ ಸುಮಾರು 3.5 ಆಂಪಿಯರ್ ಅವರ್. ಹತ್ತು ಸೆಲ್‌ನ ಗೂಡಿನಲ್ಲಿ ಎಷ್ಟೇ ತುರುಕಿದರೂ 7ರ ಆಸುಪಾಸು. ಅದೇ ಗಾತ್ರದ ಬ್ಯಾಟರಿಯ ಮೇಲೆ 12 ಎಂದು ಅಚ್ಚು ಹಾಕಿದ್ದರೆ ಹಿಂದೆಮುಂದೆ ನೋಡದೆ ವಾಪಸ್ ಇಡಿ. ತಕ್ಕಡಿ ಸಿಕ್ಕರೆ ತೂಗಿ ನೋಡಿ. ಸೆಲ್ ಒಂದೊಂದೂ 45 ಗ್ರಾಂ ಆಸುಪಾಸು ಇರುತ್ತದೆ. ತೂಕ ಕಡಿಮೆ ಬಂದರೆ ಒಳಗೆ ಸೆಲ್‌ಗಳೇ ಕಡಿಮೆ.

ಒಂದು ಬ್ರಾಂಡಿನ ಬ್ಯಾಟರಿಯನ್ನು ಇನ್ನೊಂದಕ್ಕೆ ಸಿಕ್ಕಿಸುವ ಅಡಾಪ್ಟರ್ ಕೊಳ್ಳಲೇಬೇಡಿ. ಎಷ್ಟೋ ಬ್ಯಾಟರಿಗಳು ಹೆಚ್ಚುವರಿ ಪಿನ್‌ಗಳ ಮೂಲಕ ‘ಬಿಸಿಯಾಗಿದ್ದೇನೆ, ಖಾಲಿಯಾಗಿದ್ದೇನೆ’ ಎಂದು ಟೂಲ್‌ಗೆ ತಿಳಿಸುತ್ತವೆ. ಅಡಾಪ್ಟರ್ ನಡುವೆ ಬಂದರೆ ಆ ಮಾತು ಅಲ್ಲಿಗೇ ಕಡಿದುಹೋಗಬಹುದು, ಸೆಲ್‌ಗಳು ಮಿತಿಮೀರಿ ಬರಿದಾಗಿ ಕೆಡಬಹುದು.

ಕಂಪನಿ ಒಂದೇ ಆದರೆ ಬ್ಯಾಟರಿಯೂ ಒಂದೇ ಎಂದುಕೊಳ್ಳುವುದು ಇನ್ನೊಂದು ಎಡವಟ್ಟು. ಬಾಷ್‌ನ ನೀಲಿ ಟೂಲ್‌ನ 18 ವೋಲ್ಟ್ ಬ್ಯಾಟರಿ ಅದೇ ಬಾಷ್‌ನ ಹಸಿರು ಟೂಲ್‌ಗೆ ಕೂರುವುದಿಲ್ಲ. ಮಿಲ್ವಾಕಿ ಮತ್ತು ರಯೋಬಿ ಟೂಲ್‌ಗಳು ಟಿಟಿಐ ಎಂಬ ಒಂದೇ ಸಮೂಹದ ಕಡೆಯಿಂದ ಬಂದರೂ ಅವುಗಳ ಬ್ಯಾಟರಿ ಬೇರೆ ಬೇರೆ. ಮೆಟಾಬೊ ಮುಂದಾಳುತನದ ಸಿಎಎಸ್‌ನಂಥ ಕೂಟಗಳಲ್ಲಿ ಮಾತ್ರ ಹಲವು ಬ್ರಾಂಡ್‌ಗಳು ಒಂದೇ ಬ್ಯಾಟರಿ ಬಳಸುತ್ತವೆ. ಕೈಲಿರುವ ಚೀಟಿ ತೆಗೆಯಿರಿ: ಅದರಲ್ಲಿರುವ ಎಲ್ಲ ಟೂಲೂ ಒಂದೇ ಬ್ಯಾಟರಿ ಸಾಲಿನಲ್ಲಿ ಸಿಗದ ಬ್ರಾಂಡನ್ನು ಹೊಡೆದುಹಾಕಿ.

3. ಟಾರ್ಕ್

ಟಾರ್ಕ್ ಎಂದರೆ ತಿರುಗಿಸುವ ಜೋರು. ನ್ಯೂಟನ್ ಮೀಟರ್ ಲೆಕ್ಕದ ಈ ಸಂಖ್ಯೆ ಎರಡು ಬಗೆ, ಹಾರ್ಡ್ ಮತ್ತು ಸಾಫ್ಟ್. ಲೋಹಕ್ಕೆ ಸ್ಕ್ರೂ ಕಚ್ಚಿ ಥಟ್ಟನೆ ನಿಂತಾಗ ಬರುವ ಜೋರು ಹಾರ್ಡ್. ಮರದಲ್ಲಿ ನಿಧಾನವಾಗಿ ಬಿಗಿಯಾಗುತ್ತಾ ಹೋಗುವಾಗಿನದು ಸಾಫ್ಟ್. ದಪ್ಪಕ್ಷರದಲ್ಲಿ ಅಚ್ಚಾಗುವುದು ಹಾರ್ಡ್, ಏಕೆಂದರೆ ಅದೇ ದೊಡ್ಡದು. ಒಂದರ ಹಾರ್ಡ್ ಜೊತೆ ಇನ್ನೊಂದರ ಸಾಫ್ಟ್ ಹೋಲಿಸಿ ಮೋಸ ಹೋಗಬೇಡಿ. ಇಂಪ್ಯಾಕ್ಟ್ ಡ್ರೈವರ್‌ನ ಸಂಖ್ಯೆಯನ್ನಂತೂ ಡ್ರಿಲ್‌ನ ಪಕ್ಕ ಇಡಲೇಬಾರದು. ಅದು ಒಳಗಿನ ಸುತ್ತಿಗೆಯ ಹೊಡೆತದಿಂದ ತಿರುಗಿಸುವಂಥದ್ದು.

4. ಮೋಟರ್

ಬ್ರಶ್‌ಲೆಸ್ ಕೊಳ್ಳಿ. ಸವೆಯಲು ಕಾರ್ಬನ್ ಬ್ರಶ್ ಇಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ.

5. ಕೈಯಲ್ಲಿ ಹಿಡಿದು ನೋಡಿ

ಬ್ಯಾಟರಿ ಇಲ್ಲದ ಟೂಲ್ ಎತ್ತಿ ‘ಹಗುರ’ ಎನ್ನಬೇಡಿ. ಬ್ಯಾಟರಿ ಸಿಕ್ಕಿಸಿ, ತಲೆಯ ಮೇಲೆ ತಾರಸಿಗೆ ತೂತು ಹಾಕುವ ಭಂಗಿಯಲ್ಲಿ ಒಂದು ನಿಮಿಷ ಹಿಡಿಯಿರಿ. ಮಣಿಕಟ್ಟು ತಾನೇ ತೀರ್ಪು ಕೊಡುತ್ತದೆ. ನಂತರ ಬಿಟ್ ಕಚ್ಚಿ ಹಿಡಿಯುವ ಚಕ್‌ಗೆ ನೆಟ್ಟಗಿರುವ ಉದ್ದನೆಯ ಬಿಟ್ ಹಾಕಿ, ಟ್ರಿಗರನ್ನು ಕೂದಲೆಳೆಯಷ್ಟು ಮಾತ್ರ ಒತ್ತಿ. ಬಿಟ್ ನಿಧಾನವಾಗಿ ಹೊರಡಬೇಕು, ಜಿಗಿಯಬಾರದು. ತುದಿ ಒಂದೇ ಬಿಂದುವಿನಲ್ಲಿ ತಿರುಗಬೇಕು. ಗಾಳಿಯಲ್ಲಿ ಸಣ್ಣ ವೃತ್ತ ಬರೆಯುತ್ತಿದ್ದರೆ ಬ್ರಾಂಡ್ ಎಷ್ಟೇ ದೊಡ್ಡದಿರಲಿ, ಆ ಚಕ್ ಬೇಡ.

6. ಬೆಲೆ

ಬ್ಯಾಟರಿ, ಚಾರ್ಜರ್ ಇಲ್ಲದ ಬಾಡಿ ಮಾತ್ರದ ಬೆಲೆಯನ್ನು ಅವೆರಡೂ ಸೇರಿದ ಕಿಟ್ ಬೆಲೆಯೊಂದಿಗೆ ಹೋಲಿಸುವವರೇ ಜಾಸ್ತಿ. ಪ್ರತಿ ಬ್ರಾಂಡಿಗೂ ಬಾಡಿ, ಎರಡು ಬ್ಯಾಟರಿ, ಒಂದು ಚಾರ್ಜರ್ ಎಂದು ಕೂಡಿ, ಆಮೇಲೆ ಹೋಲಿಸಿ. ಬ್ಯಾಟರಿಯ ವಾರಂಟಿ ಎಷ್ಟೋ ಸಲ ಟೂಲ್‌ಗಿಂತ ಕಡಿಮೆ ಅವಧಿಯದು, ಅದನ್ನು ಬೇರೆಯಾಗಿಯೇ ಕೇಳಿ. ನನ್ನನ್ನು ಕೇಳಿದರೆ, ಬಿಡಿಭಾಗಕ್ಕೆ ಪರದಾಡಬೇಕಾದ ದೊಡ್ಡ ಹೆಸರಿಗಿಂತ ಸರ್ವೀಸ್ ಹತ್ತಿರವಿರುವ ಮಧ್ಯಮ ಬ್ರಾಂಡೇ ವಾಸಿ. ಬ್ಯಾಟರಿ 2ರದ್ದೊಂದು, 5ರದ್ದೊಂದು ಇರಲಿ: ಏಣಿ ಹತ್ತುವಾಗ ಚಿಕ್ಕದು, ಕಾಂಕ್ರೀಟಿಗೆ ದೊಡ್ಡದು.

ತಂದ ಡ್ರಿಲ್ಲನ್ನು ಡಬ್ಬದಲ್ಲೇ ಇಡಬೇಡಿ. ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಹಳೆಯ ತುಂಡು ಮರಕ್ಕೆ ಉದ್ದನೆಯ ಸ್ಕ್ರೂಗಳನ್ನು ಬಿಗಿಯುತ್ತಾ ಎರಡೂ ಬ್ಯಾಟರಿಗಳನ್ನು ಖಾಲಿ ಮಾಡಿ ನೋಡಿ, ತಣಿಯಲು ಬಿಟ್ಟು ಮತ್ತೆ ಚಾರ್ಜ್ ಮಾಡಿ. ಯಾವುದಾದರೂ ಒಂದು ಪೂರ್ತಿ ತುಂಬದಿದ್ದರೆ ಬಿಲ್ ಸಮೇತ ಅಂಗಡಿಗೆ ಹೊರಡಿ.