ಗೌರಾಮಿ ಗಂಡು ಹೆಣ್ಣಿನ ಹಿಂದೆ ಬಿದ್ದಿದ್ರೆ ಏನು ಮಾಡೋದು?

ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ರ ಎರಡು ನೀಲಿ ಗೌರಾಮಿ ಮೀನು ತಗೊಂಡು, ಸಿಎಸ್‌ಎಂಟಿ ಸ್ಟೇಷನ್ನಲ್ಲಿ ಡೊಂಬಿವ್ಲಿ ಫಾಸ್ಟ್ ಲೋಕಲ್ ಹತ್ತಿ, ಚೀಲ ಒಡೀಬಾರ್ದು ಅಂತ ಇಡೀ ದಾರಿ ಮಡಿಲಲ್ಲಿ ಮಗು ಥರ ಹಿಡ್ಕೊಂಡು ಬಂದದ್ದು ನನಗೆ ಇನ್ನೂ ನೆನಪುಂಟು. ಅಂಗಡಿಯವ "ಜೋಡಿ ಹೈ, ಲೇ ಜಾವ್" ಅಂದಿದ್ದ. ಜೋಡಿ ಅಂದ್ಮೇಲೆ ಒಟ್ಟಿಗೆ ಚಂದ ಇರ್ತವೆ ಅಂತ ನಾನು ನಂಬಿದ್ದೆ. ನಾಲ್ಕನೇ ದಿನಕ್ಕೆ ಹೆಣ್ಣಿನ ಬಾಲ ಸವೆದ ಹಿಡಿಸೂಡಿ ಥರ ಆಗಿತ್ತು.

ಆವತ್ತು ಚಾ ಲೋಟ ಹಿಡ್ಕೊಂಡು ಟ್ಯಾಂಕ್ ಮುಂದೆ ಅರ್ಧ ಗಂಟೆ ಕೂತೆ. ಹೆಣ್ಣು ಫಿಲ್ಟರ್ ಹಿಂದಿನ ಸಂದಿಯಲ್ಲಿ ಮೈ ಓರೆ ಮಾಡ್ಕೊಂಡು ನಿಂತಿತ್ತು, ಬಣ್ಣ ಪೂರ್ತಿ ಇಳಿದಿತ್ತು. ಸ್ವಲ್ಪ ಹೊತ್ತಿಗೊಮ್ಮೆ ಮೆಲ್ಲ ಮೇಲೆ ಬರ್ತಿತ್ತು, ಬಾಯಿ ನೀರಿಂದ ಹೊರಗೆ ಬರೋಷ್ಟರಲ್ಲಿ ಆಚೆ ತುದಿಯಿಂದ ಗಂಡು ಬಾಣದ ಹಾಗೆ ಬಂದು ಹೊಟ್ಟೆಗೆ ಗುದ್ದೋದು, ಅದು ಗಾಳಿ ಪೂರ್ತಿ ತಗೊಳ್ದೆ ಮತ್ತೆ ಕೆಳಗೆ ಓಡೋದು. ಇದೇ ಎಂಟು ಹತ್ತು ಸಲ ಆಯ್ತು. ಎಂತ ಪಾಪದ ಗತಿ ಮಾರಾಯ್ರೆ.

ನನಗೆ ವಿಷಯ ಅರ್ಥ ಆದದ್ದು ಅಲ್ಲಿ. ಗೌರಾಮಿಗಳಿಗೆ ಕಿವಿರಿನ ಮೇಲ್ಗಡೆ ಮಡಿಕೆ ಮಡಿಕೆಯಾಗಿ ಲ್ಯಾಬಿರಿಂತ್ ಅಂತ ಒಂದು ಅಂಗ ಉಂಟು, ಅದರಿಂದ ಅವು ನೇರ ಗಾಳಿ ಉಸಿರಾಡ್ತವೆ. ಕೆಸರು ಹೊಂಡ, ಗದ್ದೆ ಕಾಲುವೆ, ಕಳೆ ತುಂಬಿದ ನಿಂತ ನೀರು, ಇಂಥ ಆಮ್ಲಜನಕ ಕಮ್ಮಿ ಇರೋ ಜಾಗದಲ್ಲಿ ಬದುಕ್ಲಿಕ್ಕೆ ಆದ ವ್ಯವಸ್ಥೆ ಅದು. ಹಾಗಾಗಿ ಮೇಲೆ ಬರ್ಲೇಬೇಕು. ಇನ್ನು ಗಂಡು ನೊರೆ ಗೂಡು ಕಟ್ಟೋದು ಎಲ್ಲಿ? ಅದೂ ನೀರಿನ ಮೇಲ್ಮೈಯಲ್ಲೇ. ಅಂದ್ರೆ ಹೆಣ್ಣು ಉಸಿರಾಡ್ಲಿಕ್ಕೆ ಬರೋ ಜಾಗವೇ ಗಂಡಿನ ಸೈಟು. ಬೇರೆ ಮೀನಾದ್ರೆ ಕೆಳಗೆ ಕಲ್ಲಿನ ಹಿಂದೆ ಕೂತು ಬಚಾವಾಗ್ತದೆ, ಗೌರಾಮಿ ಹೆಣ್ಣಿಗೆ ಆ ಭಾಗ್ಯ ಇಲ್ಲ. ಎಲ್ಲರೂ ಟ್ಯಾಂಕಿನ ತಳಕ್ಕೆ ಮಡಕೆ, ಗುಹೆ, ಪ್ಲಾಸ್ಟಿಕ್ ಕೋಟೆ ಅಂತ ತಂದು ತಂದು ಹಾಕ್ತಾರೆ, ಆದ್ರೆ ಜಗಳ ನಡೆಯೋದು ಮೇಲೆ.

ಮೊದ್ಲು ನಿಮ್ಮಲ್ಲಿರೋದು ಯಾವುದು ಅಂತ ನೋಡಿ

ನೀಲಿ, ಗೋಲ್ಡ್, ಓಪಲೈನ್ ಅಂತ ಮೂರು ಹೆಸರಲ್ಲಿ ಮಾರೋದು ಒಂದೇ ಜಾತಿ, ಆಗ್ನೇಯ ಏಷ್ಯಾದ್ದು. ಅಂಗಡಿಯಲ್ಲಿ ಎರಡು ಇಂಚು ಇರ್ತದೆ, ಬೆಳೆದ್ರೆ 15 ಸೆಂಟಿಮೀಟರ್‌ವರೆಗೆ ಹೋಗ್ತದೆ, ಕೋಪ ಮೂಗಿನ ತುದಿಯಲ್ಲೇ. ಪರ್ಲ್ ಗೌರಾಮಿ ದೊಡ್ಡದಾದ್ರೂ ಸಾಧು. ಡ್ವಾರ್ಫ್ ಮತ್ತೆ ಹನಿ ಗೌರಾಮಿ ನಮ್ಮ ದೇಶದವೇ, ಗಂಗಾ ಬ್ರಹ್ಮಪುತ್ರ ಕಡೆಯವು. ಇವೆರಡಕ್ಕೂ 1822ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟ ಹ್ಯಾಮಿಲ್ಟನ್ ಯಾರು ಗೊತ್ತಾ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮದ್ರಾಸಿಂದ ಹೊರಟು ಮೈಸೂರು, ಕೆನರಾ ಎಲ್ಲ ಸುತ್ತಿ ಊರೂರಿನ ಬೆಳೆ ಬದುಕು ಬರ್ಕೊಂಡು ಹೋದ ಫ್ರಾನ್ಸಿಸ್ ಬುಕಾನನ್ ಇದ್ನಲ್ಲ, ಅವನೇ, ಆಮೇಲೆ ಹೆಸರು ಬದಲಾಯಿಸಿಕೊಂಡ. ಇದು ಜಗಳ ಬಿಡಿಸ್ಲಿಕ್ಕೆ ಉಪಯೋಗ ಇಲ್ಲ, ಸುಮ್ನೆ ಹೇಳಿದೆ.

ಗಂಡು ಹೆಣ್ಣು ಗುರುತು ಹಿಡೀಲಿಕ್ಕೆ ಬೆನ್ನಿನ ರೆಕ್ಕೆ ನೋಡ್ಬೇಕು. ಗಂಡಿನದ್ದು ಉದ್ದ, ಬಾಲದ ಕಡೆಗೆ ಚೂಪಾಗಿ ಹೋಗ್ತದೆ, ಹೆಣ್ಣಿನದ್ದು ಗಿಡ್ಡ, ತುದಿ ದುಂಡು. ತೀರಾ ಮರಿಗಳಲ್ಲಿ ಇದು ಗೊತ್ತಾಗೋದಿಲ್ಲ. ಡ್ವಾರ್ಫಿನಲ್ಲಿ ಇನ್ನೂ ಸುಲಭ, ಕೆಂಪು ಮೈ ಮೇಲೆ ನೀಲಿ ಪಟ್ಟೆ ಇದ್ರೆ ಗಂಡು, ಮಂಕು ಬೆಳ್ಳಿ ಬಣ್ಣ ಇದ್ರೆ ಹೆಣ್ಣು. ಬಣ್ಣ ಇಲ್ಲದ್ದು ಯಾರು ತಗೊಳ್ತಾರೆ ಅಂತ ಅಂಗಡಿಯವರು ಹೆಚ್ಚಾಗಿ ಗಂಡುಗಳನ್ನೇ ಇಡೋದು, ಹಾಗಾಗಿ ನೀವು ತಂದ "ಜೋಡಿ" ಎರಡೂ ಫಳಫಳ ಹೊಳೀತಿದ್ರೆ ಅದು ಗಂಡ ಹೆಂಡತಿ ಜಗಳ ಅಲ್ಲ, ಇಬ್ಬರು ಗಂಡಸರ ಜಾಗದ ಜಗಳ. ಸಣ್ಣ ಟ್ಯಾಂಕಿನಲ್ಲಿ ಅದಕ್ಕೆ ಪರಿಹಾರ ಇಲ್ಲ, ಒಂದನ್ನ ವಾಪಸ್ ಕೊಡಿ.

ಇದು ಆಟವಾ, ಹೊಡೆದಾಟವಾ?

ಗೌರಾಮಿಗೆ ಹೊಟ್ಟೆ ಕೆಳಗೆ ದಾರದ ಥರ ಎರಡು ಮೀಸೆ ಇರ್ತವಲ್ಲ, ಅದರಿಂದ ಮುಟ್ಟಿ ಮುಟ್ಟಿ ನೋಡೋದು, ಅಡ್ಡ ನಿಂತು ರೆಕ್ಕೆ ಅರಳಿಸೋದು, ಒಂದಡಿ ಅಟ್ಟಿಸ್ಕೊಂಡು ಹೋಗಿ ತಿರುಗಿ ಬರೋದು, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಳ್ಬೇಡಿ. ಅಟ್ಟಿಸಿದವ ಅರ್ಧದಲ್ಲಿ ಬಿಡ್ತಾನಾ, ಮೂಲೆ ಸೇರೋ ತನಕ ಬಿಡೋದಿಲ್ವಾ, ಅದನ್ನ ನೋಡಿ. ಹೆಣ್ಣು ಊಟಕ್ಕೆ ಬರ್ತಾ ಇಲ್ಲ, ಒಂದೇ ಸಂದಿಯಲ್ಲಿ ದಿನವಿಡೀ ನಿಂತಿದೆ, ರೆಕ್ಕೆ ಹರಿದಿದೆ, ಚಿಪ್ಪು ಎದ್ದುಹೋಗಿದೆ ಅಂದ್ರೆ ನಾಳೆ ನೋಡುವ ಅಂತ ಕೂರ್ಬೇಡಿ. ಇನ್ನೊಂದು ಮಾತು, ಡ್ವಾರ್ಫ್ ಗೌರಾಮಿಗೆ ಒಂದು ವೈರಸ್ ರೋಗ ಬರ್ತದೆ, ಇರಿಡೋವೈರಸ್ ಅಂತ, ಮೈಮೇಲೆ ಹುಣ್ಣು, ಹೊಟ್ಟೆ ಊದೋದು, ಬಣ್ಣ ಹೋಗೋದು, ಅದಕ್ಕೆ ಮದ್ದಿಲ್ಲ. ಯಾರೂ ಅಟ್ಟಿಸದೆಯೇ ಮೀನು ಮಂಕಾಗ್ತಾ ಇದ್ರೆ ಪಾಪ ಗಂಡಿನ ಮೇಲೆ ಗೂಬೆ ಕೂರಿಸ್ಬೇಡಿ.

ಕೂಡ್ಲೇ ಮಾಡ್ಬೇಕಾದ್ದು

ಲೈಟ್ ಆಫ್ ಮಾಡಿ. ಕತ್ತಲಲ್ಲಿ ಜಗಳ ತಾನಾಗಿ ನಿಲ್ತದೆ, ನಿಮಗೂ ಯೋಚನೆ ಮಾಡ್ಲಿಕ್ಕೆ ಟೈಮ್ ಸಿಗ್ತದೆ. ಆಮೇಲೆ ಬಲೆ ಹಿಡಿದು ಗಂಡನ್ನ ಹಿಡೀರಿ, ಹೆಣ್ಣನ್ನಲ್ಲ. ಎಲ್ಲರೂ ಇಲ್ಲೇ ತಪ್ಪು ಮಾಡೋದು, ಪಾಪ ಅಂತ ಹೆಣ್ಣನ್ನ ತೆಗೆದು ಬೇರೆ ಇಡ್ತಾರೆ, ನಾನೂ ಹಾಗೇ ಮಾಡಿದ್ದೆ, ಒಂದು ವಾರ ಬಿಟ್ಟು ವಾಪಸ್ ಹಾಕಿದ್ರೆ ಅಷ್ಟರಲ್ಲಿ ಇಡೀ ಟ್ಯಾಂಕ್ ಅವನ ಹೆಸರಿಗೆ ರಿಜಿಸ್ಟ್ರಿ ಆಗಿ ಬಿಟ್ಟಿತ್ತು, ಐದು ನಿಮಿಷದಲ್ಲಿ ಮತ್ತೆ ಅದೇ ಕತೆ. ಗಂಡನ್ನ ತೆಗೆದ್ರೆ ಹೆಣ್ಣು ಹೊರಗೆ ಬಂದು ತಿಂದು, ಟ್ಯಾಂಕ್ ಸುತ್ತಿ, ಜಾಗ ಪರಿಚಯ ಮಾಡ್ಕೊಳ್ತದೆ, ಅವ ವಾಪಸ್ ಬರೋವಾಗ ಹೊಸಬ ಅವನೇ.

ಬೇರೆ ಟ್ಯಾಂಕ್ ಬೇಕಂತಿಲ್ಲ. ಕಿರಾಣಿ ಅಂಗಡಿ ಪಕ್ಕ ಸಿಗೋ ತೂತು ತೂತಿನ ಪ್ಲಾಸ್ಟಿಕ್ ಬುಟ್ಟಿ, ಸಾಬೂನು ತಾಗದ ಹೊಸದ್ದು, ಅದನ್ನ ಟ್ಯಾಂಕಿನ ಅಂಚಿಗೆ ಕಟ್ಟಿ ಅರ್ಧಕ್ಕಿಂತ ಜಾಸ್ತಿ ನೀರಲ್ಲಿ ಮುಳುಗೋ ಹಾಗೆ ತೇಲಿಸಿ, ಮೇಲೆ ಜಾಲರಿ ಮುಚ್ಚಿ. ಒಳಗಿಂದ ಅವನಿಗೆ ಗಾಳಿ ಸಿಗ್ಬೇಕು, ಅದೊಂದು ಮರೀಬೇಡಿ, ಪೂರ್ತಿ ಮುಳುಗಿಸಿದ್ರೆ ಸಾಯ್ತಾನೆ. ನಾಲ್ಕೈದು ದಿನ ಸಾಕು. ಹೆಣ್ಣಿನ ರೆಕ್ಕೆಗೆ ಔಷಧಿ ಸುರಿಯೋ ಅವಸರ ಬೇಡ, ಹರಿದ ರೆಕ್ಕೆ ಒಳ್ಳೆ ನೀರಲ್ಲಿ ತಾನೇ ಬೆಳೀತದೆ. ವಾರಕ್ಕೊಮ್ಮೆ ಮಾಡೋ ಕಾಲು ಭಾಗದ ನೀರು ಬದಲಾವಣೆಯನ್ನ ಆ ಸಮಯದಲ್ಲಿ ಎರಡು ಸಲ ಮಾಡಿ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ, ಬೆಳಿಗ್ಗೆ ನೀರು ಬಂದ ಕೂಡ್ಲೇ ಬಕೆಟಿಂದ ಸೀದಾ ಸುರಿಯೋ ಕೆಲಸ ಬೇಡ.

ಉಸಿರಾಡೋ ಮೂಲೆ

ಗಂಡು ಬುಟ್ಟಿಯಲ್ಲಿರೋವಾಗ್ಲೇ ಇದನ್ನ ಮುಗಿಸಿ, ಇದೇ ಅಸಲು ಕೆಲಸ. ಮೇಲ್ಮೈಯನ್ನ ಕಮ್ಮಿ ಅಂದ್ರೆ ಎರಡು ಭಾಗ ಮಾಡ್ಬೇಕು, ಒಂದು ಭಾಗದಲ್ಲಿ ನಿಂತವನಿಗೆ ಇನ್ನೊಂದು ಭಾಗ ಕಾಣ್ಬಾರ್ದು. ತೇಲೋ ಗಿಡಗಳನ್ನ ಎರಡು ಎದುರು ಮೂಲೆಗಳಲ್ಲಿ ದಟ್ಟ ಬಿಡಿ. ಊರಲ್ಲಿ ಕೆರೆ ತುಂಬ ಇರೋ ಅಂತರಗಂಗೆ ಒಳ್ಳೇದೇ, ಉದ್ದ ಬೇರು ಪರದೆ ಥರ ಇಳೀತದೆ, ಆದ್ರೆ ಮುಚ್ಚಳ ಹಾಕಿದ ಟ್ಯಾಂಕಲ್ಲಿ ಹನಿ ಬಿದ್ದು ಬಿದ್ದು ಎಲೆ ಕೊಳೀತದೆ. ನನಗೆ ಸರಿ ಹೋದದ್ದು ಹಾರ್ನ್‌ವರ್ಟ್ ಮತ್ತೆ ವಾಟರ್ ಸ್ಪ್ರೈಟ್, ಮಣ್ಣು ಬೇಡ, ಸುಮ್ನೆ ತೇಲಿಸಿದ್ರಾಯ್ತು. ಪೊವಾಯಿ ಕೆರೆಯಿಂದ ಕಿತ್ತು ತರೋ ಸಾಹಸ ಮಾತ್ರ ಬೇಡ, ಗಿಡದ ಜೊತೆ ಬಸವನಹುಳ, ರೋಗ ಎಲ್ಲ ಫ್ರೀ ಬರ್ತದೆ. ಗಿಡ ಓಡಾಡದ ಹಾಗೆ ಏರ್ ಪಂಪಿನ ಪೈಪನ್ನ ರಿಂಗ್ ಮಾಡಿ ಅದರೊಳಗೆ ಕಟ್ಟಿ ಹಾಕ್ಬಹುದು. ನಡುವೆ ನೀರಿನ ಮಟ್ಟದ ತನಕ ಬರೋ ಒಂದು ಮರದ ಬೊಡ್ಡೆ, ಇಲ್ಲದಿದ್ರೆ ಉದ್ದ ಗಿಡ ನಿಲ್ಲಿಸಿ, ಅದು ಗೋಡೆ.

ಗಂಡು ಒಂದು ಮೂಲೆಯಲ್ಲಿ ಗೂಡು ಕಟ್ತಾನೆ, ಎದುರು ಮೂಲೆ ಹೆಣ್ಣಿಗೆ ಉಳೀತದೆ, ಅವಳು ಗಿಡದ ಬೇರಿನ ಒಳಗಿಂದಲೇ ಮೂತಿ ಮೇಲೆ ಮಾಡಿ ಗಾಳಿ ತಗೊಂಡು ಇಳೀತಾಳೆ. ನಾನು ಮೊದಲ ಸಲ ಅದನ್ನ ನೋಡಿದಾಗ, ಹಸಿರು ಎಲೆಗಳ ನಡುವೆ ಒಂದು ಸಣ್ಣ ಬಾಯಿ, ಒಂದು ಗುಳ್ಳೆ, ಅಷ್ಟೇ, ಗಂಡಿಗೆ ಗೊತ್ತೇ ಆಗಿರ್ಲಿಲ್ಲ.

ಕೆಳಗಿನ ಕಲ್ಲು, ಗಿಡ ಎಲ್ಲ ಜಾಗ ಬದಲಾಯಿಸಿ, ಹಳೇ ಗಡಿ ಅವನಿಗೆ ನೆನಪಿರ್ಬಾರ್ದು. ಫಿಲ್ಟರಿನ ನೀರು ಜೋರಾಗಿ ಬೀಳ್ತಿದ್ರೆ ಗೋಡೆ ಕಡೆ ತಿರುಗಿಸಿ, ಇವು ನಿಂತ ನೀರಿನ ಮೀನು. ನಮ್ಮ ರಸ್ತೆ ಬದಿಯ ಕಾಡು ಬಾದಾಮಿ ಮರದ ಒಣಗಿ ಬಿದ್ದ ಎಲೆ ತೊಳೆದು ಒಂದೆರಡು ಹಾಕಿದ್ರೆ ನೀರು ತಿಳಿ ಚಾ ಬಣ್ಣಕ್ಕೆ ಬರ್ತದೆ, ದೃಷ್ಟಿ ಅಷ್ಟು ದೂರ ಹೋಗೋದಿಲ್ಲ, ಮೀನೂ ಸಮಾಧಾನ ಆಗ್ತದೆ. ಮುಚ್ಚಳ ಬೇಕೇ ಬೇಕು, ಅಟ್ಟಿಸ್ಕೊಂಡ ಹೆಣ್ಣು ಹಾರಿ ಬೆಳಿಗ್ಗೆ ಟೈಲ್ಸ್ ಮೇಲೆ ಒಣಗಿರ್ತದೆ. ಮುಂಬೈ ಹವೆಗೆ ತೊಂದ್ರೆ ಇಲ್ಲ, ಆದ್ರೆ ರಾತ್ರಿಯಿಡೀ ಎಸಿ ಹಾಕೋ ಬೆಡ್‌ರೂಮಲ್ಲಿ ಟ್ಯಾಂಕ್ ಇದ್ರೆ ಮುಚ್ಚಳ ಇಲ್ಲದೆ ಆ ತಣ್ಣನೆ ಒಣ ಗಾಳಿಯನ್ನೇ ಅವು ನುಂಗ್ಬೇಕಾಗ್ತದೆ.

ಲೆಕ್ಕಾಚಾರ

ಒಂದು ಗಂಡು, ಒಂದು ಹೆಣ್ಣು ಅನ್ನೋದೇ ಕೆಟ್ಟ ಲೆಕ್ಕ, ಪೆಟ್ಟೆಲ್ಲ ಒಬ್ಬಳಿಗೇ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ರೆ ಅವನ ಗಮನ ಹಂಚಿ ಹೋಗ್ತದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದ್ರೆ ಸುಮಾರು 56 ಲೀಟರ್, ಅದರಲ್ಲಿ ಡ್ವಾರ್ಫ್ ಇಲ್ಲಾಂದ್ರೆ ಹನಿ ಗೌರಾಮಿ, ಒಂದು ಗಂಡು ಎರಡು ಹೆಣ್ಣು, ಅಷ್ಟೇ. ನೀಲಿ ಗೌರಾಮಿಗೆ ಮೂರಡಿಗಿಂತ ಕಮ್ಮಿ ಆಗ್ಲೇಬಾರ್ದು, ನಾಲ್ಕಡಿ ಇದ್ರೆ ಒಳ್ಳೇದು, ಒನ್ ರೂಮ್ ಕಿಚನಲ್ಲಿ ಅಷ್ಟು ಜಾಗ ಎಲ್ಲಿ ಅಂದ್ರೆ ನೀಲಿ ಗೌರಾಮಿ ಸಾಕ್ಬೇಡಿ, ಅಷ್ಟು ಸೀದಾ. ಊಟವನ್ನ ಎರಡೂ ತುದಿಯಲ್ಲಿ ಹಾಕಿ, ಮೊದ್ಲು ಗಂಡಿನ ಕಡೆ, ಅವ ತಿನ್ನೋದ್ರಲ್ಲಿ ಇರೋವಾಗ ಆಚೆ ಕಡೆ.

ಮರಿ ಬೇಕಂತಿದ್ರೆ ಮಾತ್ರ ಇದೆಲ್ಲ ಬೇರೆ. ನೀರು 28 ಡಿಗ್ರಿ ದಾಟಿ, ಮಟ್ಟ ಆರೇಳು ಇಂಚಿಗೆ ಇಳಿದ್ರೆ ಗಂಡಿಗೆ ಗೂಡಿನ ಹುಚ್ಚು ಹತ್ತೋದು, ನಮ್ಮ ಏಪ್ರಿಲ್ ಮೇ ಸೆಕೆಗೆ ಅದು ಯಾರೂ ಹೇಳ್ದೆ ಆಗ್ತದೆ, ಅದಕ್ಕೇ ಮರಿ ಬೇಡದವರು ಆ ಸಮಯದಲ್ಲಿ ಟ್ಯಾಂಕ್ ತುಂಬ ತುಂಬಿಸಿಯೇ ಇಡಿ. ಬೇಕಾದವರು ಬೇರೆ ಟ್ಯಾಂಕಲ್ಲಿ ಗೂಡು ಕಟ್ಟಿಸಿ, ಆಮೇಲೆ ಹೆಣ್ಣನ್ನ ಬಿಡಿ, ಮೊಟ್ಟೆ ಆದ ಕೂಡ್ಲೇ ಹೆಣ್ಣನ್ನ ತೆಗೀರಿ. ಕಾವಲಿಗೆ ನಿಂತ ಗಂಡು ಆಗ ಅವಳನ್ನ ಕಳ್ಳಿ ಅಂತಲೇ ನೋಡೋದು, ಕೊಂದೂ ಬಿಡಬಹುದು. ಮರಿ ಈಜಾಡ್ಲಿಕ್ಕೆ ಶುರು ಮಾಡಿದ ಮೇಲೆ, ಅಂದಾಜು ಮೂರು ದಿನಕ್ಕೆ, ಅವನನ್ನೂ ತೆಗೀಬೇಕು.

ಇಷ್ಟೆಲ್ಲ ಮಾಡಿಯೂ ಬಿಟ್ಟ ದಿನವೇ ಮತ್ತೆ ಶುರು ಮಾಡಿದ್ರೆ ಇನ್ನೊಂದು ಸಲ ಬುಟ್ಟಿಗೆ ಹಾಕಿ ನೋಡಿ, ಮೂರನೇ ಸಲಕ್ಕೆ ಮನೆ ಬದಲಾಯಿಸಿ. ನನ್ನ ನೀಲಿ ಗಂಡು ಕೊನೆಗೆ ಸ್ಟೇಷನ್ ಹತ್ರ ನಮ್ಮೂರವರ ಹೋಟೆಲಿನ ಗಲ್ಲಾ ಪಕ್ಕದ ನಾಲ್ಕಡಿ ಟ್ಯಾಂಕಿಗೆ ಹೋದ. ಇಡ್ಲಿ ತಿನ್ಲಿಕ್ಕೆ ಹೋದಾಗ ನೋಡ್ತೇನೆ, ಬಿಲ್ ಕೊಡ್ಲಿಕ್ಕೆ ನಿಂತವರ ಬೆರಳಿಗೂ ರೆಕ್ಕೆ ಅರಳಿಸ್ತಾನೆ.