ನೂರು ಕೆಜಿ ಫೀಡಿಗೆ ಅರ್ಧ ಕೆಜಿ ಅರಿಶಿನ: ಕೋಳಿಗೆ ಮಸಾಲೆ ಬೆರೆಸುವ ನಮ್ಮ ಲೆಕ್ಕ

ಕೋಳಿಗೆ ಅರಿಶಿನ, ಬೆಳ್ಳುಳ್ಳಿ ಹಾಕಿ ಎಂದು ಹೇಳುವವರು ಬಹಳ. ಎಷ್ಟು ಹಾಕಬೇಕು, ಹಸಿಯೋ ಒಣಗಿದ್ದೋ, ಯಾವುದರಲ್ಲಿ ಕಲಸಬೇಕು ಎಂದು ಕೇಳಿದರೆ "ಒಂದು ಹಿಡಿ" ಅನ್ನುತ್ತಾರೆ. ಕೆಲಸ ಕೆಡುವುದು ಈ ಹಿಡಿಯಲ್ಲೇ. ಕೆಳಗಿನ ಲೆಕ್ಕ ನೂರು ಮೊಟ್ಟೆ ಕೋಳಿಗಳದ್ದು. ಒಂದು ಕೋಳಿಗೆ ದಿನಕ್ಕೆ 110 ಗ್ರಾಂ ಹಿಡಿದರೆ ದಿನದ ಫೀಡು 11 ಕೆಜಿ, ನೂರು ಕೆಜಿ ಬೆರೆಸಿದರೆ ಒಂಬತ್ತು ದಿನಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಒಮ್ಮೆಗೇ ಬೆರೆಸಿಡುವುದಿಲ್ಲ.

ನೂರು ಕೆಜಿ ಲೇಯರ್ ಮ್ಯಾಶಿಗೆ (ಮೊಟ್ಟೆ ಕೋಳಿಯ ಪುಡಿ ಫೀಡು) ಅರಿಶಿನ ಪುಡಿ 500 ಗ್ರಾಂ, ಕರಿಮೆಣಸಿನ ಪುಡಿ 50 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ ಪುಡಿ 300 ಗ್ರಾಂ, ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ಚೆಂಡುಹೂವಿನ ಎಸಳು 300 ಗ್ರಾಂ. ಎಲ್ಲ ಸೇರಿ 1,150 ಗ್ರಾಂ. ಇಷ್ಟರಿಂದ ಫೀಡಿನ ಪ್ರೋಟೀನ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಬೆಳ್ಳುಳ್ಳಿ ಈ ಪಟ್ಟಿಯಲ್ಲಿಲ್ಲ, ಅದರ ದಾರಿ ಬೇರೆ.

ಅರಿಶಿನ ಪುಡಿಯನ್ನು ಅಂಗಡಿಯಿಂದ ತರಬೇಡಿ. ಬಣ್ಣ ಹೊಳೆಯಲಿ ಎಂದು ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ಹಳೆಯದು. ಆ ಸೀಸ ಕೋಳಿಯ ಮೈಗೂ ಹೋಗುತ್ತದೆ, ಮೊಟ್ಟೆಗೂ ಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬೇಯಿಸಿ ಒಣಗಿಸಿದ ಅರಿಶಿನದಲ್ಲಿ ಪಾಲಿಶ್ ಆಗದ ಕೊಂಬು, ಮುರಿದ ಚೂರು ಕಡಿಮೆ ಬೆಲೆಗೆ ಸಿಗುತ್ತದೆ. ನೋಡಲು ಚೆಂದವಿಲ್ಲ, ಆದರೆ ನಮಗೆ ಬೇಕಾದ್ದು ಅದೇ. ಮುರಿದರೆ ಟಕ್ ಎಂದು ಶಬ್ದ ಬರಬೇಕು. ಬಾಗಿದರೆ ಒಳಗೆ ತೇವ ಇದೆ ಎಂದರ್ಥ. ಹಸಿ ಅರಿಶಿನವೇ ಇದ್ದರೆ 500 ಗ್ರಾಂ ಸಾಲದು. ಒಂದು ಕೆಜಿ ಒಣ ಅರಿಶಿನಕ್ಕೆ ಹೆಚ್ಚುಕಡಿಮೆ ಐದು ಕೆಜಿ ಹಸಿ ಗೆಡ್ಡೆ ಬೇಕು, ಹಾಗಾಗಿ ಎರಡೂವರೆ ಕೆಜಿ ಆಗುತ್ತದೆ. ಅಷ್ಟು ತೇವವನ್ನು ಫೀಡಿಗೆ ಕಲಸಿದರೆ ಬೂಸ್ಟು ಗ್ಯಾರಂಟಿ.

ಅರಿಶಿನ ಹಾಕಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ತಪ್ಪು. ಅರಿಶಿನದ ಬಣ್ಣ ಕರುಳಿನಲ್ಲಿ ಹೀರಿಕೊಳ್ಳುವುದೇ ಕಡಿಮೆ, ಹೆಚ್ಚಿನ ಪಾಲು ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಎರಡನೇ ದಿನಕ್ಕೇ ಹಿಕ್ಕೆಯ ಅಂಚು ಹಳದಿಯಾಗಿ ಕಾಣುತ್ತದೆ; ಇದನ್ನು ಕಾಯಿಲೆ ಎಂದುಕೊಂಡು ಗಾಬರಿ ಬೀಳುವವರಿದ್ದಾರೆ. ಅರಿಶಿನ ಇರುವುದು ಕರುಳಿಗಾಗಿ. ಮೊಟ್ಟೆಯ ಬಣ್ಣ ಬರುವುದು ಚೆಂಡುಹೂವಿನ ಹಳದಿಯಿಂದ, ಬ್ಯಾಡಗಿಯ ಕೆಂಪಿನಿಂದ. ಕೆಂಪೊಂದನ್ನೇ ಹಾಕಿದರೆ ಬಣ್ಣ ಮಬ್ಬಾಗುತ್ತದೆ. ಹಳದಿಯ ತಳ ಇದ್ದು ಅದರ ಮೇಲೆ ಕೆಂಪು ಕೂತರೆ ಗಿರಾಕಿ ಕೇಳುವ ಕಿತ್ತಳೆ ಛಾಯೆ ಬರುತ್ತದೆ. ಮೆಕ್ಕೆಜೋಳ ಕಡಿಮೆ ಮಾಡಿ ಅಕ್ಕಿನುಚ್ಚು, ರಾಗಿ ಹೆಚ್ಚು ಹಾಕುವವರಿಗೆ ಇವೆರಡೂ ಇನ್ನಷ್ಟು ಬೇಕಾಗುತ್ತವೆ.

ಫಲಿತಾಂಶ ನಾಳೆಯೇ ಕಾಣುವುದಿಲ್ಲ. ಮೊಟ್ಟೆಯ ಹಳದಿ ಹೆಚ್ಚುಕಡಿಮೆ ಹತ್ತು ದಿನ ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ನಾಲ್ಕನೇ ದಿನ ಒಡೆದ ಮೊಟ್ಟೆಯಲ್ಲಿ ಒಳಗಿನ ಪದರಗಳು ಹಳೆಯ ಫೀಡಿನವೇ. ಹನ್ನೆರಡನೇ ದಿನ ಒಡೆದು ನೋಡಿ, ಬಿಳಿ ತಟ್ಟೆಯಲ್ಲಿ, ಹಗಲು ಬೆಳಕಿನಲ್ಲಿ.

ಮೆಣಸಿನಕಾಯಿ ಕೋಳಿಗೆ ಖಾರವಾಗುವುದಿಲ್ಲವೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಆಗುವುದಿಲ್ಲ. ಖಾರದ ಅಂಶವನ್ನು ಉರಿ ಎಂದು ಗ್ರಹಿಸುವ ನರದ ಗ್ರಾಹಕ ಹಕ್ಕಿಗಳಲ್ಲಿ ಅದಕ್ಕೆ ಸ್ಪಂದಿಸುವುದೇ ಇಲ್ಲ. ಉರಿ ಏನಿದ್ದರೂ ಕಲಸುವವರಿಗೆ, ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಇಲಿಗೆ ಉರಿಯುತ್ತದೆ, ಆದರೆ ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಇಲಿ ಓಡಿಹೋಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಬಣ್ಣ ಇರುವುದು ಸಿಪ್ಪೆಯಲ್ಲಿ. ಬೀಜ ತೆಗೆದು ಪುಡಿ ಮಾಡಿದರೆ 300 ಗ್ರಾಂ ಸಾಕು, ಬೀಜ ಸಮೇತವಾದರೆ 400 ಹಾಕಿ.

ಅಗ್ಗಕ್ಕೆ ಸಿಗುವ ಬಿಳಿಚಿಕೊಂಡ, ಕಪ್ಪು ಚುಕ್ಕೆಯ ಮೆಣಸಿನಕಾಯಿಯನ್ನು ಮಾತ್ರ ಮುಟ್ಟಲೇಬೇಡಿ. ಅದರಲ್ಲಿ ಬೂಸ್ಟು ಕೂತಿರುತ್ತದೆ, ಬೂಸ್ಟಿನ ಜೊತೆ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಅದು ಮೊದಲು ಹೊಡೆಯುವುದು ಕೋಳಿಯ ಲಿವರಿಗೆ. ಆರೋಗ್ಯಕ್ಕೆಂದು ಹಾಕಿದ್ದೇ ವಿಷವಾಗುವುದು ಸಾಮಾನ್ಯವಾಗಿ ಹೀಗೆ.

ಇನ್ನು ಕಲಸುವ ಬಗೆ. ಅರ್ಧ ಕೆಜಿ ಪುಡಿಯನ್ನು ನೂರು ಕೆಜಿ ಫೀಡಿನ ಮೇಲೆ ಎರಚಿ ಸಲಿಕೆ ಆಡಿಸಿದರೆ ಅದು ಕಲಸಿದ ಹಾಗಲ್ಲ. ಮೊದಲು ನಾಲ್ಕೂ ಪುಡಿಗಳನ್ನು 2 ಕೆಜಿ ಅಕ್ಕಿ ತೌಡಿನಲ್ಲಿ ಬೆರೆಸಿ ಜರಡಿ ಹಿಡಿಯಿರಿ. ಬೇರೆಯಾಗಿ 10 ಕೆಜಿ ಫೀಡನ್ನು ಟಾರ್ಪಾಲಿನ ಮೇಲೆ ಹರಡಿ, 300 ಮಿಲಿ ಕಡಲೆಕಾಯಿ ಎಣ್ಣೆ ಚಿಮುಕಿಸಿ, ಕೈಯಲ್ಲಿ ಉಜ್ಜಿ. ಆಮೇಲೆ ಅದರ ಮೇಲೆ ತೌಡಿನ ಮಿಶ್ರಣ ಉದುರಿಸಿ. ಎಣ್ಣೆ ಸವರಿದ ನುಚ್ಚಿಗೆ ಪುಡಿ ಅಂಟಿಕೊಳ್ಳುತ್ತದೆ. ಎಣ್ಣೆಯನ್ನು ನೇರ ಪುಡಿಗೇ ಸುರಿದರೆ ಗಂಟು ಕಟ್ಟುತ್ತದೆ, ಆ ಗಂಟು ಫೀಡರಿನವರೆಗೂ ಹಾಗೇ ಹೋಗುತ್ತದೆ. ಕೊನೆಗೆ ಉಳಿದ 90 ಕೆಜಿಗೆ ಸೇರಿಸಿ, ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಸಲಿಕೆಯಿಂದ ಐದು ಸಲ ಮಗುಚಿ.

ಸರಿಯಾಗಿ ಆಗಿದೆಯೇ ಎಂದು ತಿಳಿಯಬೇಕಾದರೆ ಸಂಜೆ ಫೀಡರಿನ ತಳ ನೋಡಬೇಕು. ತಳದಲ್ಲಿ ಹಳದಿ ಹಿಟ್ಟು ಪದರ ಕಟ್ಟಿದ್ದರೆ ಎಣ್ಣೆ ಸಾಲದು ಅಥವಾ ಪುಡಿ ತೀರಾ ನುಣ್ಣಗಾಗಿದೆ. ಕೋಳಿ ಕಾಳು ಹೆಕ್ಕಿಕೊಂಡು ಹಿಟ್ಟು ಬಿಡುತ್ತದೆ. ಹಾಗಾಗಿ ಪುಡಿ ಸಣ್ಣ ರವೆಯಷ್ಟಿರಲಿ, ಅಡುಗೆಮನೆಯ ಪುಡಿಯಷ್ಟು ನುಣುಪು ಬೇಡ.

ನೀರಿಗೆ ಅರಿಶಿನ ಹಾಕುವವರೂ ಇದ್ದಾರೆ. ಅರಿಶಿನದ ಸಾರ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಟ್ಯಾಂಕಿನ ತಳದಲ್ಲಿ ಕೂತು, ಕೋಳಿ ನೀರು ಕುಡಿಯುವ ನಿಪ್ಪಲ್ ಕಟ್ಟಿಕೊಂಡು, ಪೈಪಿನೊಳಗೆ ಲೋಳೆ ಬೆಳೆಯುತ್ತದೆ. ಬೇಸಿಗೆಯಲ್ಲಿ ನಾಲ್ಕು ನಿಪ್ಪಲ್ ಕಟ್ಟಿದರೂ ಮೊಟ್ಟೆ ಇಳಿಯುತ್ತದೆ.

ಬೆಳ್ಳುಳ್ಳಿಗೆ ಬರೋಣ. ನೂರು ಕೆಜಿಗೆ ಒಂದು ಕೆಜಿ ಹಸಿ ಬೆಳ್ಳುಳ್ಳಿಯ ಲೆಕ್ಕ, ಅಂದರೆ ದಿನದ 11 ಕೆಜಿಗೆ 110 ಗ್ರಾಂ. ಇದನ್ನು ಒಂಬತ್ತು ದಿನದ ಫೀಡಿಗೆ ಒಟ್ಟಿಗೆ ಹಾಕುವುದೇ ದೊಡ್ಡ ತಪ್ಪು. ಬೆಳ್ಳುಳ್ಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ನಾಲ್ಕನೇ ದಿನಕ್ಕೆ ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ, ಹೆಂಟೆ ಕಟ್ಟಿರುತ್ತದೆ. ಅಂದಂದೇ ಜಜ್ಜಿ, ಹತ್ತು ನಿಮಿಷ ಹಾಗೇ ಬಿಟ್ಟು, ಎರಡು ಹಿಡಿ ತೌಡಿನಲ್ಲಿ ಉಜ್ಜಿ, ಬೆಳಗಿನ ಫೀಡಿಗೆ ಸೇರಿಸಿ. ಹತ್ತು ನಿಮಿಷ ಯಾಕೆಂದರೆ ಘಾಟಿನ ಆ ಅಂಶ, ಅಲಿಸಿನ್, ಎಸಳಿನಲ್ಲಿ ಮೊದಲೇ ಇರುವುದಿಲ್ಲ. ಜಜ್ಜಿದ ಮೇಲೆ ಹುಟ್ಟುತ್ತದೆ. ಬೇಯಿಸಿದರೆ ಅದನ್ನು ಹುಟ್ಟಿಸುವ ಕಿಣ್ವವೇ ಸಾಯುತ್ತದೆ. ವಾರಕ್ಕೆ ಮೂರು ದಿನ ಸಾಕು. ಜಾಸ್ತಿಯಾದರೆ ಕೋಳಿ ಫೀಡು ಚೆಲ್ಲುತ್ತದೆ, ಮೊಟ್ಟೆ ವಾಸನೆ ಎಂದು ಗಿರಾಕಿ ಹೇಳಲು ಶುರುಮಾಡುತ್ತಾರೆ.

ಬೇವಿನ ಸೊಪ್ಪನ್ನು ನಾವು ಬಿಟ್ಟಿದ್ದೇವೆ. ಕಹಿಗೆ ಫೀಡು ತಿನ್ನುವುದು ಇಳಿಯುತ್ತದೆ. ತಿನ್ನದ ಕೋಳಿ ಇಡುವುದಿಲ್ಲ.

ಉಪಯೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಎರಡು ಕೋಣೆ ಬೇಕು, ಐವತ್ತೈವತ್ತು ಕೋಳಿ, ಒಂದೇ ವಯಸ್ಸು, ಒಂದೇ ತಳಿ. ಒಂದಕ್ಕೆ ಮಸಾಲೆ, ಇನ್ನೊಂದಕ್ಕೆ ಬರೀ ಫೀಡು. ದಿನಾ ಮೊಟ್ಟೆ ಎಣಿಸಿ, ಉಳಿದ ಫೀಡು ತೂಗಿ, ವಾರಕ್ಕೊಮ್ಮೆ 30 ಮೊಟ್ಟೆ ಒಟ್ಟಿಗೆ ತೂಗಿ. ಐವತ್ತರಲ್ಲಿ ಒಂದು ಮೊಟ್ಟೆ ಹೆಚ್ಚು ಬಂದರೆ ಶೇಕಡಾ 2 ಏರಿದಂತೆ ಕಾಣುತ್ತದೆ, ಆದರೆ ಒಂದು ದಿನದ ಮೋಡವೂ ಅಷ್ಟು ವ್ಯತ್ಯಾಸ ಮಾಡುತ್ತದೆ. ಒಂದು ತಿಂಗಳ ಲೆಕ್ಕ ಕೂಡದೆ ಏನೂ ಹೇಳಬೇಡಿ. ಕಣ್ಣಿಗೆ ಖಚಿತವಾಗಿ ಕಂಡದ್ದು ಮೊಟ್ಟೆಯ ಬಣ್ಣ. ಮಳೆಗಾಲದಲ್ಲಿ ಹಿಕ್ಕೆ ಗಟ್ಟಿಯಾಗಿರುವುದು ಎರಡನೆಯದು. ಮೊಟ್ಟೆಯ ಸಂಖ್ಯೆಯಲ್ಲಿ ದೊಡ್ಡ ಜಿಗಿತ ನಿರೀಕ್ಷಿಸಬೇಡಿ.

ಆಂಟಿಬಯಾಟಿಕ್ ಬಿಡಬೇಕೆಂಬ ಒತ್ತಡ ಈಗ ಎಲ್ಲರಿಗೂ ಇದೆ. ಬೆಳವಣಿಗೆಗೆಂದು ಫೀಡಿಗೆ ಹಾಕುವುದನ್ನು ಯುರೋಪ್ ಒಕ್ಕೂಟ 2006ರಲ್ಲೇ ನಿಲ್ಲಿಸಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಬಳಸುವುದನ್ನು ನಮ್ಮಲ್ಲಿ 2019ರಲ್ಲಿ ನಿಷೇಧಿಸಲಾಯಿತು. ಹಾಗೆಂದು ಅರಿಶಿನ ಅದರ ಜಾಗಕ್ಕೆ ಬಂದು ಕೂರುವುದಿಲ್ಲ. ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಇಳಿಬಿಟ್ಟು ಗುಂಪಾಗಿ ನಿಂತಿದ್ದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ (ಕರುಳಿನ ಪರಾವಲಂಬಿ ಜೀವಿಯ ಕಾಯಿಲೆ) ಎಂದು ಅನುಮಾನಿಸಿ ಅಂದೇ ಪಶುವೈದ್ಯರಿಗೆ ತೋರಿಸಿ, ನೆಲಕ್ಕೆ ಹಾಸಿದ ಒದ್ದೆ ಲಿಟರ್ (ಹೊಟ್ಟಿನ ಹಾಸು) ತೆಗೆದುಹಾಕಿ. ಔಷಧಿ ನಡೆಯುವಾಗ ಕರಿಮೆಣಸು ನಿಲ್ಲಿಸಿ: ಅದು ಅರಿಶಿನವನ್ನು ಮೈಗೆ ಹತ್ತಿಸುವ ಹಾಗೆಯೇ ಔಷಧಿಯನ್ನೂ ಹೆಚ್ಚು ಹೀರಿಸಬಹುದು, ಡೋಸಿನ ಲೆಕ್ಕ ತಪ್ಪುತ್ತದೆ. ಕೊಕ್ಕರೆ ರೋಗ (ರಾಣಿಖೇತ್), ಗುಂಬೊರೊ ಎಂಬ ವೈರಸ್ ಕಾಯಿಲೆಗಳಿಗೆ ಲಸಿಕೆಯೇ ಬೇಕು. ನೀರಲ್ಲಿ ಲಸಿಕೆ ಕೊಡುವ ದಿನ ಡ್ರಿಂಕರ್‌ಗಳನ್ನು ಬರೀ ನೀರಲ್ಲಿ ತೊಳೆಯಿರಿ, ಕ್ಲೋರಿನ್ ಹಾಕಿದ ನೀರು ಬೇಡ. ಅಂದು ಬೆಳ್ಳುಳ್ಳಿಗೂ ರಜೆ.