ಮಾಡ್ಯೂಲ್ ಇದೆ, ಸರ್ವರ್‌ಗೆ ಮಾತ್ರ ಕಾಣುತ್ತಿಲ್ಲ

ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಸರಾಗವಾಗಿ ಓಡುತ್ತದೆ. ಅದನ್ನೇ ಬ್ರೌಸರ್‌ನಲ್ಲಿ ತೆರೆದರೆ '500 ಇಂಟರ್ನಲ್ ಸರ್ವರ್ ಎರರ್' ಎಂಬ ಬೋಳು ಪುಟ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ, ಮಾಡ್ಯೂಲನ್ನು, ಅಂದರೆ ಸ್ಕ್ರಿಪ್ಟ್ ಎರವಲು ಪಡೆಯುವ ಸಿದ್ಧ ಕೋಡನ್ನು, ಮತ್ತೊಮ್ಮೆ ಇನ್‌ಸ್ಟಾಲ್ ಮಾಡುವುದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಅದು. ಇನ್‌ಸ್ಟಾಲ್ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಎರರ್ ಲಾಗ್ ಓದಿ. 500 ಎಂಬ ಅಂಕಿ ಏನನ್ನೂ ಹೇಳುವುದಿಲ್ಲ; ನಿಜವಾದ ದೂರು ಸರ್ವರ್‌ನ ಲಾಗ್ ಫೈಲಿನಲ್ಲಿರುತ್ತದೆ. ಸ್ಕ್ರಿಪ್ಟ್ ಪೈಥಾನ್ ಭಾಷೆಯದಾದರೆ 'ಮಾಡ್ಯೂಲ್ ನಾಟ್ ಫೌಂಡ್ ಎರರ್' (3.6ಕ್ಕಿಂತ ಹಳೆಯ ಆವೃತ್ತಿಗಳಲ್ಲಿ 'ಇಂಪೋರ್ಟ್ ಎರರ್'), ನೋಡ್ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಆದರೆ 'ಕೆನಾಟ್ ಫೈಂಡ್ ಮಾಡ್ಯೂಲ್', ಪರ್ಲ್ ಆದರೆ 'ಕಾಂಟ್ ಲೊಕೇಟ್'. ಪರ್ಲ್ ಒಂದು ಉಪಕಾರವನ್ನೂ ಮಾಡುತ್ತದೆ: ಎಲ್ಲೆಲ್ಲಿ ಹುಡುಕಿದೆ ಎಂಬ ಡೈರೆಕ್ಟರಿಗಳ ಪಟ್ಟಿಯನ್ನು ಅದೇ ಸಂದೇಶದಲ್ಲಿ ಕೊಡುತ್ತದೆ. ಪೈಥಾನ್‌ಗೂ ಈ ಬುದ್ಧಿ ಇರಬೇಕಿತ್ತು.

ಗುಟ್ಟು ಇರುವುದು ಆ ಪಟ್ಟಿಯಲ್ಲಿಯೇ. 'ಮಾಡ್ಯೂಲ್ ಇಲ್ಲ' ಎಂದರೆ 'ನಾನು ನೋಡಿದ ಜಾಗಗಳಲ್ಲಿ ಇಲ್ಲ' ಎಂದಷ್ಟೇ ಅರ್ಥ. ನೀವು ನೋಡುವ ಜಾಗಗಳೂ ಸರ್ವರ್ ನೋಡುವ ಜಾಗಗಳೂ ಒಂದೇ ಆಗಿರಬೇಕೆಂದಿಲ್ಲ.

ಹಾಗಾಗಿ ಎರಡನೆಯ ಹೆಜ್ಜೆ, ಸರ್ವರ್‌ನನ್ನೇ ಕೇಳುವುದು. ಭಾಷೆಯ ಆವೃತ್ತಿ, ಹುಡುಕುವ ಡೈರೆಕ್ಟರಿಗಳು, ಸ್ಕ್ರಿಪ್ಟ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದೆ ಎಂಬುದು, ಇಷ್ಟನ್ನು ಮುದ್ರಿಸುವ ನಾಲ್ಕು ಸಾಲಿನ ಪುಟ ಬರೆದು ಬ್ರೌಸರ್‌ನಲ್ಲಿ ತೆರೆಯಿರಿ. ಪೈಥಾನ್‌ನಲ್ಲಿ ಡೈರೆಕ್ಟರಿಗಳ ಪಟ್ಟಿ ಸಿಸ್ ಮಾಡ್ಯೂಲಿನ 'ಪಾತ್'ನಲ್ಲಿದೆ. ಪಿಎಚ್‌ಪಿಯಲ್ಲಿ 'ಪಿಎಚ್‌ಪಿ ಇನ್ಫೋ' ಎಲ್ಲವನ್ನೂ ಹರಡಿ ತೋರಿಸುತ್ತದೆ. ಕೆಲಸ ಮುಗಿದ ಕೂಡಲೇ ಆ ಪುಟವನ್ನು ಅಳಿಸಿಬಿಡಿ, ಕಂಡವರಿಗೆಲ್ಲ ಸರ್ವರ್‌ನ ಒಳಮನೆ ತೋರಿಸುವುದು ಬೇಡ.

ಅದೇ ವಿವರವನ್ನು ಟರ್ಮಿನಲ್‌ನಲ್ಲೂ ಪಡೆದು ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಸಲ ಕಳ್ಳ ಇಲ್ಲಿಯೇ ಸಿಕ್ಕಿಬೀಳುತ್ತಾನೆ. ನೀವು ಇನ್‌ಸ್ಟಾಲ್ ಮಾಡಿದ್ದು ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ಗೆಂದೇ ಬೇರೆಯಾಗಿಟ್ಟ ಪೈಥಾನ್) ಒಳಗೆ, ಸರ್ವರ್ ಓಡಿಸುತ್ತಿರುವುದು ಹೊರಗಿನ ಪೈಥಾನ್. ಅಥವಾ 'ಯೂಸರ್' ಆಯ್ಕೆಯೊಂದಿಗೆ ಪಿಪ್ (ಪೈಥಾನ್‌ನ ಇನ್‌ಸ್ಟಾಲ್ ಸಾಧನ) ಬಳಸಿದ್ದರಿಂದ ಮಾಡ್ಯೂಲ್ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಕುಳಿತಿದೆ. ಬೇರೆ ಹೆಸರಿನಲ್ಲಿ ಓಡುವ ಸರ್ವರ್ ಅತ್ತ ತಿರುಗಿಯೂ ನೋಡುವುದಿಲ್ಲ. ಟರ್ಮಿನಲ್ ತೆರೆದಾಗ ಶೆಲ್ ಓದುವ ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಬರೆದಿಟ್ಟ ಪಾತ್‌ಗಳದ್ದೂ (ಡೈರೆಕ್ಟರಿಗಳ ವಿಳಾಸಗಳದ್ದೂ) ಇದೇ ಗತಿ, ಸರ್ವರ್ ಆ ಫೈಲನ್ನು ಓದುವುದೇ ಇಲ್ಲ. ಪಿಎಚ್‌ಪಿಯಲ್ಲಂತೂ ಟರ್ಮಿನಲ್‌ಗೊಂದು, ವೆಬ್‌ಗೊಂದು ಇನಿ ಫೈಲ್ (ಸೆಟ್ಟಿಂಗ್‌ಗಳ ಫೈಲ್) ಇರುವುದು ಸಾಮಾನ್ಯ. ಒಂದರಲ್ಲಿ ಎಕ್ಸ್‌ಟೆನ್ಶನ್ (ಪಿಎಚ್‌ಪಿಯ ಮಾಡ್ಯೂಲ್) ಆನ್ ಮಾಡಿದರೆ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ.

ಪರ್ಲ್‌ನ ಹಳೆಯ ಸ್ಕ್ರಿಪ್ಟ್‌ಗಳಿಗೆ ಇನ್ನೊಂದು ಪೆಟ್ಟು ಬಿದ್ದಿದೆ. 2017ರಲ್ಲಿ ಬಂದ 5.26 ಆವೃತ್ತಿಯಿಂದ, ಭದ್ರತೆಯ ಕಾರಣಕ್ಕಾಗಿ, ಸ್ಕ್ರಿಪ್ಟ್ ಓಡುವಾಗಿನ 'ಕರೆಂಟ್ ಡೈರೆಕ್ಟರಿ'ಯನ್ನು ಹುಡುಕುವ ಪಟ್ಟಿಯಿಂದ ಕೈಬಿಡಲಾಯಿತು. ಪಕ್ಕದಲ್ಲೇ ಇರುವ ಮಾಡ್ಯೂಲ್ ಸಿಗದಿದ್ದರೆ 'ಯೂಸ್ ಲಿಬ್' ಸಾಲಿನಲ್ಲಿ ಪೂರ್ಣ ಪಾತ್ ಕೊಡಿ.

ಪಟ್ಟಿಗಳು ಹೊಂದಿದರೂ ದೋಷ ಹೋಗಲಿಲ್ಲವೇ? ಹೆಸರನ್ನು ನೋಡಿ. ಇಂಪೋರ್ಟ್ ಮಾಡುವ ಹೆಸರೇ ಪ್ಯಾಕೇಜಿನ ಹೆಸರಾಗಿರಬೇಕಿಲ್ಲ: ಪೈಥಾನ್‌ನಲ್ಲಿ 'ಪಿಐಎಲ್' ಬೇಕಿದ್ದರೆ ಇನ್‌ಸ್ಟಾಲ್ ಮಾಡಬೇಕಾದದ್ದು 'ಪಿಲ್ಲೋ'. ವಿಂಡೋಸ್‌ನಲ್ಲಿ ನಡೆದ ಫೈಲ್ ಹೆಸರು ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೇ ಮುಗ್ಗರಿಸುತ್ತದೆ. ನಾನೇ ಒಮ್ಮೆ ಸ್ಕ್ರಿಪ್ಟ್‌ಗೆ 'ಇಮೇಲ್' ಎಂದು ಹೆಸರಿಟ್ಟು, ಪೈಥಾನ್‌ನದೇ ಇಮೇಲ್ ಮಾಡ್ಯೂಲ್ ಅದರ ಹಿಂದೆ ಮರೆಯಾಗಿ, ಇಡೀ ಮಧ್ಯಾಹ್ನ ಕಳೆದುಕೊಂಡಿದ್ದೇನೆ.

ಇನ್ನುಳಿದದ್ದು ಅನುಮತಿ. ಫೈಲ್ ಇದ್ದರೂ ಅದರ ಮೇಲಿನ ಡೈರೆಕ್ಟರಿಯೊಳಗೆ ಕಾಲಿಡಲು ಸರ್ವರ್‌ಗೆ ಅನುಮತಿ ಇಲ್ಲದಿದ್ದರೆ ಅದರ ಪಾಲಿಗೆ ಫೈಲ್ ಇಲ್ಲ. ಸುಡೊ (ಬೇರೆ ಬಳಕೆದಾರನ ಹೆಸರಿನಲ್ಲಿ ಕೆಲಸ ಓಡಿಸುವ ಕಮಾಂಡ್) ಮೂಲಕ ಸರ್ವರ್‌ನ ಬಳಕೆದಾರನಾಗಿಯೇ ಸ್ಕ್ರಿಪ್ಟ್ ಓಡಿಸಿದರೆ ಇದು ಬೇಗ ಬಯಲಾಗುತ್ತದೆ.

ಇಷ್ಟಾದ ಮೇಲೂ ಮಾಡ್ಯೂಲ್ ನಿಜಕ್ಕೂ ಇಲ್ಲವೆಂದಾದರೆ ಇನ್‌ಸ್ಟಾಲ್ ಮಾಡಿ, ಆದರೆ ಸರ್ವರ್ ಬಳಸುವ ಪೈಥಾನ್‌ನ ಪೂರ್ಣ ಪಾತ್ ಕೊಟ್ಟು, ಅದರ ಮೂಲಕವೇ ಪಿಪ್ ಓಡಿಸಿ. ನಂತರ ಸರ್ವರ್ ಪ್ರೊಸೆಸ್ ಅನ್ನು ರಿಸ್ಟಾರ್ಟ್ ಮಾಡಿ. ಪೈಥಾನ್ ಓಡಿಸುವ ಗುನಿಕಾರ್ನ್, ಪಿಎಚ್‌ಪಿ ಓಡಿಸುವ ಪಿಎಚ್‌ಪಿ ಎಫ್‌ಪಿಎಂನಂಥವು ಒಮ್ಮೆ ಎದ್ದಾಗ ಕಂಡದ್ದನ್ನೇ ಹಿಡಿದುಕೊಂಡು ಕೂತಿರುತ್ತವೆ.